ಗೃಹಸ್ಥರ ಹವ್ಯಾಸಗಳು ಮತ್ತು ಮಕ್ಕಳು

ಮಾನವನ ಬದುಕು ಉದರಪೋಷಣೆಯೊಂದಕ್ಕೇ ಮೀಸಲಾದುದಲ್ಲ. ದುಡಿಮೆಯ ಹೊತ್ತು ಕಳೆದ ಮೇಲೆ ಯಾವ ಲಾಭವನ್ನೂ ಎಣಿಸದೆ, ಯಾರ ಒತ್ತಾಯವೂ ಇಲ್ಲದೆ, ಮನಸ್ಸಿನ ಒಲವೊಂದರಿಂದಲೇ ಅವನು ಕೈಗೊಳ್ಳುವ ಕೆಲಸಕ್ಕೆ ನಾವು ಹವ್ಯಾಸವೆಂದು ಹೆಸರಿಟ್ಟಿದ್ದೇವೆ. ವಿದ್ಯಾರ್ಥಿಗಳ ಹವ್ಯಾಸಗಳನ್ನು ಕುರಿತು ಶಾಲಾ ಸಂಚಿಕೆಗಳಲ್ಲಿ ಲೇಖನಗಳು ಬರುವುದುಂಟು. ಅಂಚೆಚೀಟಿ ಸಂಗ್ರಹ, ಚಿತ್ರಕಲೆ, ವಾಚನ ಮೊದಲಾದವುಗಳ ಪ್ರಯೋಜನವನ್ನು ಅಲ್ಲಿ ವಿವರಿಸಲಾಗುತ್ತದೆ. ಆದರೆ ಆ ವಿದ್ಯಾರ್ಥಿಗಳ ತಂದೆತಾಯಿಗಳು ತಮ್ಮ ಎಳವೆಯಲ್ಲಿ ರೂಢಿಸಿಕೊಂಡಿದ್ದ ಹವ್ಯಾಸಗಳು ಏನಾದವು, ಮಕ್ಕಳು ಹುಟ್ಟಿದ ಬಳಿಕ ಅವು ಯಾವ ರೂಪ ತಾಳಿದವು ಎಂದು ಕೇಳುವವರು ವಿರಳ. ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಬಾಳುವೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದದ ವಿಚಾರ. ಕನ್ನಡದಲ್ಲಿ ಹವ್ಯಾಸವೆಂದರೆ ರೂಢಿಗೆ ಬಂದ ಅಭ್ಯಾಸವೂ ಹೌದು, ವಿರಾಮದ ಪ್ರೀತಿಯ ಕೆಲಸವೂ ಹೌದು. ನೆರೆಯ ಮರಾಠಿಯಲ್ಲಿ ಇದೇ ಪದಕ್ಕೆ ಮಿತಿಮೀರಿದ ಆಸೆ ಎಂಬ ಅರ್ಥವಿದೆ. ಒಲವು ಮಿತಿಯಲ್ಲಿದ್ದರೆ ಮನಸ್ಸನ್ನು ಅರಳಿಸುತ್ತದೆ, ಮಿತಿ ಮೀರಿದರೆ ಮನೆಯನ್ನು ಬಾಡಿಸುತ್ತದೆ ಎಂಬ ಎಚ್ಚರ ಈ ಒಂದೇ ಪದದಲ್ಲಿ ಅಡಗಿದಂತಿದೆ. ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ಪರಿಚಿತವಾದುದು. ಪತಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಆಕೆ ಒಪ್ಪದೆ ಹಿಂದಕ್ಕೆ ಕಳಿಸಿದರು. ಕಾಯಕದ ಫಲಕ್ಕೇ ಮಿತಿ ಬೇಕೆಂದ ಆ ತಾಯಿಯ ವಿವೇಕವು ವಿರಾಮದ ವಿಷಯದಲ್ಲಿಯೂ ನಮಗೆ ಮಾರ್ಗದರ್ಶಕವಾಗಬಲ್ಲುದು.

ನಮ್ಮ ಬೆಟ್ಟಗಳ ವಿರಾಮಕಾಲ

ಬಯಲುಸೀಮೆಯ ರೈತನಂತೆಯೇ ಮಲೆನಾಡಿನ ಬೆಳೆಗಾರನ ವಿರಾಮವನ್ನೂ ಋತುಮಾನವೇ ನಿರ್ಣಯಿಸುತ್ತದೆ. ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆಯ ನಿರೀಕ್ಷೆ. ಅನಂತರ ಮರಗಸಿ, ಗೊಬ್ಬರ. ಜೂನ್‌ನಿಂದ ಮುಂಗಾರಿನ ಅಬ್ಬರ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಆರಂಭವಾದರೆ ರೊಬಸ್ಟಾ ಹಣ್ಣು ಕಣಕ್ಕೆ ಬಂದು ಒಣಗಿ ಮುಗಿಯುವವರೆಗೆ ಬಿಡುವೆಂಬುದಿಲ್ಲ. ಆದ್ದರಿಂದ ಈ ಸೀಮೆಯ ಹವ್ಯಾಸಗಳು ಬಹುಪಾಲು ಮಳೆಗಾಲದ ಕೂಸುಗಳು. ವೇಷಭೂಷಣಗಳಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆ, ಭಜನೆ, ಗಮಕವಾಚನ ಮುಂತಾದವು ಹೊರಗೆ ಮಳೆ ಸುರಿಯುತ್ತಿರುವಾಗ ಮನೆಯ ಜಗಲಿಯಲ್ಲಿ ಬೆಳೆದಂಥವು. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದ ದೇವನೂರು ನಮ್ಮ ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿಯೇ ಇರುವುದರಿಂದ ಆ ಕಾವ್ಯದ ವಾರ್ಧಕ ಷಟ್ಪದಿಗಳನ್ನು ರಾಗವಾಗಿ ಓದುವುದೆಂದರೆ ನಮ್ಮ ಹಿರಿಯರಿಗೆ ವಿಶೇಷ ಅಭಿಮಾನ.

ಈ ಬಗೆಯ ಹವ್ಯಾಸಗಳಲ್ಲಿ ಒಂದು ಗುಣವನ್ನು ಗಮನಿಸಬೇಕು. ಅವುಗಳಿಗೆ ಮಕ್ಕಳು ಅಡ್ಡಿಯಾಗಿರಲಿಲ್ಲ. ಹಿರಿಯರು ಅರ್ಥ ಹೇಳುತ್ತಿದ್ದರೆ ಮಕ್ಕಳು ಚಾಪೆಯ ಅಂಚಿನಲ್ಲಿ ಕುಳಿತು ಕೇಳುತ್ತಿದ್ದರು, ಕೇಳುತ್ತ ಅಲ್ಲಿಯೇ ನಿದ್ರಿಸುತ್ತಿದ್ದರು. ಕರ್ಣನ ಔದಾರ್ಯವೂ ಸುಧನ್ವನ ಭಕ್ತಿಯೂ ಹೀಗೆ ಅರೆನಿದ್ರೆಯಲ್ಲಿ ಅವರ ಕಿವಿಗೆ ಬಿದ್ದವು. ಕಲಿಸಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ, ಆದರೂ ಕಲಿಕೆ ನಡೆಯಿತು.

ಇದಕ್ಕೆ ವ್ಯತಿರಿಕ್ತವಾದ ಹವ್ಯಾಸಗಳೂ ಇದ್ದವು. ಬೇಟೆ ಅವುಗಳಲ್ಲಿ ಮುಖ್ಯವಾದುದು. ಕೋವಿಯೊಡನೆ ರಾತ್ರಿ ಕಾಡು ಸೇರುವುದು ಒಂದು ಕಾಲಕ್ಕೆ ಈ ಭಾಗದ ಗಂಡಸರ ಪ್ರತಿಷ್ಠೆಯ ಕುರುಹಾಗಿತ್ತು. ಜಾಗರ ಕಣಿವೆಯು 1951ರಲ್ಲಿ ಅಭಯಾರಣ್ಯವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂದಿತು. 1974ರಲ್ಲಿ ಅಭಯಾರಣ್ಯವು ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಪಡೆಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹೀಗೆ ಬೇಟೆಯೆಂಬ ಹವ್ಯಾಸವು ಕಾನೂನಿನಿಂದಲೇ ಅಂತ್ಯಗೊಂಡಿತು. ಇಸ್ಪೀಟಿನ ಕೂಟ ಮಾತ್ರ ಇಂದಿಗೂ ಅಳಿದಿಲ್ಲ. ಮಕ್ಕಳನ್ನು ಹತ್ತಿರ ಸೇರಿಸಿಕೊಳ್ಳಲಾಗದ, ಅವರೆದುರು ನಡೆಸಲು ಸಂಕೋಚವೆನಿಸುವ ಹವ್ಯಾಸ ಯಾವುದೋ ಅದರ ಯೋಗ್ಯತೆಯನ್ನು ಮರಳಿ ಯೋಚಿಸಬೇಕಾಗುತ್ತದೆ.

ಮಗು ಬಂದ ಮೇಲೆ ಆಗುವ ವ್ಯತ್ಯಾಸ

ಮನೆಗೆ ಮಗು ಬಂದೊಡನೆ ಹವ್ಯಾಸದಲ್ಲಿ ಮೂರು ಬಗೆಯ ವ್ಯತ್ಯಾಸಗಳು ತಲೆದೋರುತ್ತವೆ. ಮೊದಲನೆಯದು ಕಾಲದ್ದು. ಅದುವರೆಗೆ ಇಡೀ ಭಾನುವಾರ ಅಖಂಡವಾಗಿ ದೊರೆಯುತ್ತಿತ್ತು, ಈಗ ಅದು ಹಾಲಿನ ಹೊತ್ತು, ನಿದ್ರೆಯ ಹೊತ್ತು, ಅಳುವಿನ ಹೊತ್ತುಗಳ ನಡುವೆ ತುಂಡುತುಂಡಾಗುತ್ತದೆ. ಎರಡನೆಯದು ಸಾಹಸದ್ದು. ಕುದುರೆಮುಖದ ಶಿಖರವನ್ನೋ ಮುಳ್ಳಯ್ಯನಗಿರಿಯನ್ನೋ ಮಳೆಯಲ್ಲಿಯೇ ಹತ್ತುತ್ತಿದ್ದ ತರುಣನು ತನ್ನನ್ನು ನಂಬಿದ ಜೀವವೊಂದು ಮನೆಯಲ್ಲಿರುವುದನ್ನು ನೆನೆದು ಹೆಜ್ಜೆ ಎಣಿಸಿ ಇಡುತ್ತಾನೆ. ಮೂರನೆಯದು ಏಕಾಂತದ್ದು. ಒಬ್ಬನೇ ಮಾಡುತ್ತಿದ್ದ ಕೆಲಸಕ್ಕೆ ಈಗ ಪುಟ್ಟ ಸಂಗಾತಿಯೊಬ್ಬರು ಸೇರಿಕೊಳ್ಳುತ್ತಾರೆ. ಅವರು ಕುಂಚವನ್ನು ಎಳೆಯುತ್ತಾರೆ, ಪುಸ್ತಕದ ಹಾಳೆ ಹರಿಯುತ್ತಾರೆ, ಹಕ್ಕಿ ಹತ್ತಿರ ಬಂದ ಗಳಿಗೆಯಲ್ಲಿಯೇ ಗಟ್ಟಿಯಾಗಿ ಪ್ರಶ್ನೆ ಕೇಳುತ್ತಾರೆ.

ಈ ಮೂರನ್ನೂ ನಷ್ಟವೆಂದು ಬಗೆಯುವವರೇ ಅಧಿಕ. ಆದರೆ ಕಾಫಿಯ ನಾಡಿನವರಾದ ನಮಗೆ ಇನ್ನೊಂದು ದೃಷ್ಟಿ ಸಹಜವಾಗಿಯೇ ಒದಗಬೇಕು. ಬೇರೆಡೆ ಕಸಿಯೆಂದರೆ ಗಿಡಕ್ಕೆ ಗಿಡವನ್ನು ಕಟ್ಟುವುದು, ನಮ್ಮ ತೋಟಗಳಲ್ಲಿ ಅದು ಸವರುವ ಕೆಲಸದ ಹೆಸರು. ಕೊಯ್ಲು ಮುಗಿದ ಬಳಿಕ ಒಣಗಿದ, ಅಡ್ಡಾದಿಡ್ಡಿ ಬೆಳೆದ ರೆಕ್ಕೆಗಳನ್ನು ತೆಗೆದು ಗಾಳಿ ಬೆಳಕು ಒಳಹೋಗುವಂತೆ ಮಾಡುತ್ತೇವೆ. ಕಸಿ ಮಾಡದ ಗಿಡ ದಟ್ಟವಾಗಿ ಕಂಡರೂ ಫಸಲು ಕೊಡದು. ಕಿತ್ತೊಗೆದ ಗಿಡವಂತೂ ಏನನ್ನೂ ಕೊಡದು. ಮಕ್ಕಳಾದ ಮೇಲೆ ಹವ್ಯಾಸಕ್ಕೆ ಬೇಕಾದುದು ಈ ಕಸಿಯೇ. ಅದನ್ನು ಹಾಗೆಯೇ ಬೆಳೆಯಬಿಡುವುದೂ ಸಲ್ಲದು, ಬುಡಸಹಿತ ಕೀಳುವುದೂ ಸಲ್ಲದು.

ಡಾರ್ವಿನ್ನನ ನಿದರ್ಶನ

ಈ ಮಾತಿಗೆ ಜಗತ್ಪ್ರಸಿದ್ಧವಾದ ನಿದರ್ಶನವೊಂದಿದೆ. ಜೀವವಿಕಾಸವಾದವನ್ನು ಪ್ರತಿಪಾದಿಸಿದ ಚಾರ್ಲ್ಸ್ ಡಾರ್ವಿನ್ ತನ್ನ ವಿದ್ಯಾರ್ಥಿದೆಸೆಯಲ್ಲಿ ಜೀರುಂಡೆಗಳ ಸಂಗ್ರಹದ ಹುಚ್ಚು ಹಿಡಿಸಿಕೊಂಡಿದ್ದನು. 1839ರ ಜನವರಿಯಲ್ಲಿ ಆತನ ವಿವಾಹವಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಚೊಚ್ಚಲ ಮಗ ವಿಲಿಯಂ ಜನಿಸಿದನು. ನಿಸರ್ಗವನ್ನು ಗಮನಿಸುವ ಅಭ್ಯಾಸವನ್ನು ಡಾರ್ವಿನ್ ಬಿಡಲಿಲ್ಲ. ತೊಟ್ಟಿಲ ಬಳಿ ಕುಳಿತು ಶಿಶುವು ಮೊದಲು ನಕ್ಕದ್ದು, ಸಿಟ್ಟಾದದ್ದು, ಹೆದರಿದ್ದು, ಕನ್ನಡಿಯಲ್ಲಿ ತನ್ನನ್ನು ಕಂಡು ಅಚ್ಚರಿಗೊಂಡದ್ದು ಎಲ್ಲವನ್ನೂ ಬರೆದಿಟ್ಟುಕೊಂಡನು. ಆ ಟಿಪ್ಪಣಿಗಳನ್ನು ಆಧರಿಸಿದ ಲೇಖನ 1877ರಲ್ಲಿ ಪ್ರಕಟವಾಯಿತು. ಶಿಶುಮನೋವಿಜ್ಞಾನದ ಆದ್ಯ ಬರಹಗಳಲ್ಲಿ ಅದೂ ಒಂದೆಂದು ಇಂದಿಗೂ ಗಣಿಸಲ್ಪಡುತ್ತದೆ.

ಮಕ್ಕಳು ದೊಡ್ಡವರಾದಂತೆ ಅವರನ್ನೇ ಆತ ಸಹಾಯಕರನ್ನಾಗಿ ಮಾಡಿಕೊಂಡನು. ಗಂಡು ಹೆಜ್ಜೀರಿಗಳು ತೋಟದಲ್ಲಿ ಯಾವ ಹಾದಿ ಹಿಡಿದು ಹಾರುತ್ತವೆಂಬುದನ್ನು ಅರಿಯಲು ಐದಾರು ಮಕ್ಕಳನ್ನು ಬೇಲಿಯುದ್ದಕ್ಕೂ ಒಂದೊಂದು ತಾಣದಲ್ಲಿ ನಿಲ್ಲಿಸಿ, ಕೀಟವು ಬಂದೊಡನೆ ಕೂಗಿ ಹೇಳುವಂತೆ ಏರ್ಪಡಿಸಿದನು. ಮಕ್ಕಳಿಗದು ಆಟ, ತಂದೆಗದು ಶೋಧನೆ. ಒಬ್ಬ ದುರ್ಬಲ ಆರೋಗ್ಯದ ಮನುಷ್ಯನು ಒಂಟಿಯಾಗಿ ಎಂದೂ ಮಾಡಲಾಗದ ಕೆಲಸವನ್ನು ಒಂದು ಸಂಸಾರವು ನಗುತ್ತ ಮಾಡಿತು.

ಆದರೆ ಅದೇ ಡಾರ್ವಿನ್ನನ ಜೀವನದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಎಳವೆಯಲ್ಲಿ ಆತನಿಗೆ ಕಾವ್ಯ, ಸಂಗೀತಗಳಲ್ಲಿಯೂ ಅಭಿರುಚಿಯಿದ್ದಿತು. ವರ್ಷಗಟ್ಟಲೆ ಅವನ್ನು ಮುಟ್ಟದಿದ್ದುದರಿಂದ ಮುಪ್ಪಿನಲ್ಲಿ ಆ ರುಚಿಯೇ ಬತ್ತಿಹೋಯಿತು. ಮತ್ತೊಮ್ಮೆ ಬಾಳುವ ಅವಕಾಶ ದೊರೆತರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕಾವ್ಯವನ್ನು ಓದಿ ಸಂಗೀತವನ್ನು ಕೇಳುವ ನಿಯಮವನ್ನು ಇಟ್ಟುಕೊಳ್ಳುವೆನೆಂಬ ಭಾವವನ್ನು ಆತ ತನ್ನ ಆತ್ಮಕಥೆಯಲ್ಲಿ ವ್ಯಕ್ತಪಡಿಸಿದ್ದಾನೆ. ಮಕ್ಕಳೊಡನೆ ಹಂಚಿಕೊಂಡ ಒಲವು ಕೊನೆಯವರೆಗೆ ಬೆಳೆಯಿತು. ಮುಂದಕ್ಕೆ ಹಾಕಿದ ಒಲವು ಹಿಂದಿರುಗಿ ಬರಲಿಲ್ಲ. ಸಂಸಾರಿಗಳು ಮನಗಾಣಬೇಕಾದ ಸತ್ಯವಿದು.

ಮೂಡಿಗೆರೆಯ ನಿದರ್ಶನ

ದೂರದ ದೇಶದಿಂದ ನಮ್ಮ ಮಣ್ಣಿಗೆ ಮರಳೋಣ. 1938ರಲ್ಲಿ ಜನಿಸಿದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನ ವಿದ್ಯಾಭ್ಯಾಸವನ್ನು ಮುಗಿಸಿ 1960ರ ದಶಕದಲ್ಲಿ ಮೂಡಿಗೆರೆಯ ಸೀಮೆಗೆ ಬಂದು ಕಾಫಿ ಬೆಳೆಗಾರರಾದರು. ಪತ್ನಿ ರಾಜೇಶ್ವರಿಯವರೊಡನೆ ಇಲ್ಲಿಯೇ ಸಂಸಾರ ಹೂಡಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಸಂಗೀತ, ಚಿತ್ರಕಲೆ, ಛಾಯಾಗ್ರಹಣ, ಮೀನಿನ ಗಾಳ, ಕಾಡಿನ ಅಲೆದಾಟ, ಮುಂದೆ ಗಣಕಯಂತ್ರ ಹೀಗೆ ಅವರ ಆಸಕ್ತಿಗಳು ಹಲವು. ತಾರುಣ್ಯದಲ್ಲಿ ಕೋವಿ ಹಿಡಿದಿದ್ದ ಕೈ ಬರಬರುತ್ತ ಕ್ಯಾಮೆರಾವನ್ನು ಹಿಡಿಯಿತು. ಗಂಟೆಗಟ್ಟಲೆ ಮರೆಯಲ್ಲಿ ಕುಳಿತು ಅವರು ತೆಗೆದ ಹಕ್ಕಿಗಳ ಚಿತ್ರಗಳೂ, ಕನ್ನಡದ ಓದುಗರಿಗೆ ಹಕ್ಕಿಗಳನ್ನು ಪರಿಚಯಿಸಿದ ಅವರ ಪುಸ್ತಕಗಳೂ ನಾಡಿನ ಸಂಪತ್ತಾಗಿವೆ. 1980ರಲ್ಲಿ ಹೊರಬಂದ 'ಕರ್ವಾಲೊ' ಕಾದಂಬರಿಯಲ್ಲಿ ಊರವರು ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಗುರುತಿಸುತ್ತಾರೆ. ಫಲಾಪೇಕ್ಷೆಯಿಲ್ಲದ ಆಸಕ್ತಿಗೆ ಅಷ್ಟು ಗೌರವವನ್ನು ಸಲ್ಲಿಸಿದ ಕೃತಿಗಳು ನಮ್ಮಲ್ಲಿ ಹೆಚ್ಚಿಲ್ಲ. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ 'ನಿರುತ್ತರ'ದಲ್ಲಿ ಅವರು ನಿಧನರಾದರು.

ತೇಜಸ್ವಿಯವರ ಹವ್ಯಾಸಗಳನ್ನು ಕೊಂಡಾಡುವಾಗ ಆ ಮನೆಯ ಮತ್ತೊಬ್ಬರನ್ನು ನಾವು ಮರೆಯಬಾರದು. ಪತಿಯ ನಿಧನಾನಂತರ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ಗ್ರಂಥವನ್ನು ಬರೆದರು. 2021ರಲ್ಲಿ ತೀರಿಕೊಂಡ ಅವರು ಲೇಖಕಿಯಾಗಿ ನಾಡಿಗೆ ಪರಿಚಿತರಾದುದು ಬದುಕಿನ ಆ ಸಂಧ್ಯಾಕಾಲದಲ್ಲಿ. ಆ ಪುಸ್ತಕವನ್ನು ಓದಿದವರಿಗೆ ಒಂದು ಪ್ರಶ್ನೆ ಮೂಡದಿರದು. ನಮ್ಮ ಬೆಟ್ಟಗಳ ಎಷ್ಟು ಮನೆಗಳಲ್ಲಿ ಇಂತಹ ಬರಹ, ಇಂತಹ ಕಂಠ, ಇಂತಹ ಕೈಕುಶಲ ಎಪ್ಪತ್ತರವರೆಗೆ ಕಾಯದೆಯೇ ಮುಗಿದುಹೋಗಿವೆ?

ತಾಯಂದಿರ ಹವ್ಯಾಸ

ಈ ಲೇಖನದ ಮುಖ್ಯ ವಿಷಯಕ್ಕೆ ಈಗ ಬಂದೆವು. ಮಕ್ಕಳಾದ ಬಳಿಕ ತಂದೆಯ ಹವ್ಯಾಸ ಕಡಿಮೆಯಾಗುತ್ತದೆ. ತಾಯಿಯದು ಬಹುತೇಕ ನಿಂತೇಹೋಗುತ್ತದೆ. ಶಾಲೆಯಲ್ಲಿ ರಂಗಗೀತೆ ಹಾಡಿ ಬಹುಮಾನ ಪಡೆದ ಹುಡುಗಿ, ಖೋ ಖೋ ಆಟದಲ್ಲಿ ತಾಲ್ಲೂಕಿಗೇ ಹೆಸರಾದ ಹುಡುಗಿ, ಪ್ರಬಂಧ ಬರೆದು ಗುರುಗಳ ಮೆಚ್ಚುಗೆ ಗಳಿಸಿದ ಹುಡುಗಿ ಹತ್ತು ವರ್ಷಗಳ ಅನಂತರ ತನ್ನ ಮಗುವಿನ ಪ್ರವೇಶಕ್ಕಾಗಿ ಶಾಲೆಗೆ ಬಂದಾಗ, ಈಗಲೂ ಹಾಡುವೆಯಾ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾಳೆ. ಯಾವ ಶಾಲೆಯ ಅಧ್ಯಾಪಕರಿಗೂ ಇದು ಅಪರಿಚಿತ ಅನುಭವವಲ್ಲ. ತೋಟದ ಮನೆಗಳಲ್ಲಿ ಹಾದಿ ದೂರ, ನೆರೆಮನೆ ದೂರ. ಮಳೆಗಾಲದಲ್ಲಿ ವಿದ್ಯುತ್ತೂ ಇಲ್ಲದ ದಿನಗಳುಂಟು. ಗಂಡಸರಿಗೆ ಪೇಟೆಯುಂಟು, ಸಂತೆಯುಂಟು, ಸಂಘವುಂಟು. ಆಕೆಗೆ ಇರುವುದು ಒಲೆ, ತೊಟ್ಟಿಲು, ಕೊಟ್ಟಿಗೆ.

ಗಂಡನು ತನ್ನ ಹವ್ಯಾಸವನ್ನು ಯಾವ ಕೊರತೆಯೂ ಇಲ್ಲದಂತೆ ಮುಂದುವರಿಸಿದನೆಂದರೆ, ಆ ಹೊತ್ತಿನ ಬೆಲೆಯನ್ನು ಬೇರೊಬ್ಬರು ತೆತ್ತಿದ್ದಾರೆಂದೇ ಅರ್ಥ. ಅವನು ಹಕ್ಕಿಯನ್ನು ನೋಡಲು ಹೋದ ಬೆಳಗಿನಲ್ಲಿ ಮಗುವನ್ನು ನೋಡಿಕೊಂಡವರು ಯಾರು? ಹನ್ನೆರಡನೆಯ ಶತಮಾನದ ಶರಣರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ರಾಟೆ ತಿರುವುತ್ತಿದ್ದ ಕದಿರೆ ರೆಮ್ಮವ್ವೆ, ಅಕ್ಕಿ ಆಯುತ್ತಿದ್ದ ಲಕ್ಕಮ್ಮ ಮೊದಲಾದವರು ಕಾಯಕದ ನಡುವೆಯೇ ವಚನಗಳನ್ನು ರಚಿಸಿದರು. ಹೆಣ್ಣಿನ ಅನುಭಾವಕ್ಕೂ ಅಭಿವ್ಯಕ್ತಿಗೂ ಅಲ್ಲಿ ಸ್ಥಾನವಿದ್ದಿತು, ಕೇಳುವ ಕಿವಿಗಳಿದ್ದವು. ಅವರ ಹೆಸರನ್ನು ಜಯಂತಿಗಳಲ್ಲಿ ಸ್ಮರಿಸುವ ನಾವು, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ವಾರದಲ್ಲಿ ಎರಡು ಗಂಟೆಗಳ ಬಿಡುವನ್ನು ಬಿಟ್ಟುಕೊಡಲಾರೆವಾದರೆ ಆ ಸ್ಮರಣೆಗೆ ಅರ್ಥವೆಲ್ಲಿದೆ?

ವಿರಾಮವೆಂಬುದು ಭೂಮಾಲೀಕರ ಸ್ವತ್ತೂ ಅಲ್ಲ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು 1948ರಲ್ಲಿಯೇ ವಿಶ್ರಾಂತಿ ಮತ್ತು ವಿರಾಮಗಳು ಪ್ರತಿಯೊಬ್ಬರ ಹಕ್ಕೆಂದು ಸಾರಿತು. 1951ರ ತೋಟ ಕಾರ್ಮಿಕರ ಕಾಯ್ದೆಯು ಹೆಚ್ಚು ಸಂಖ್ಯೆಯ ಹೆಣ್ಣಾಳುಗಳಿರುವ ತೋಟಗಳಲ್ಲಿ ಶಿಶುವಿಹಾರವನ್ನೂ, ಕಾರ್ಮಿಕರಿಗೆ ಮನರಂಜನೆಯ ಸೌಕರ್ಯವನ್ನೂ ಕಲ್ಪಿಸಬೇಕೆಂಬ ಅಂಶಗಳನ್ನು ಒಳಗೊಂಡಿತ್ತು. ನಮ್ಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಕೂಲಿ ಲೈನುಗಳ ಮಕ್ಕಳೂ ಇದ್ದಾರೆ. ದಿನವಿಡೀ ಹಣ್ಣು ಕುಯ್ದು ಬಂದ ತಾಯಿಯು ಸಂಜೆ ಮಗುವಿಗೆ ತನ್ನೂರಿನ ಪದವೊಂದನ್ನು ಹಾಡಿ ಹೇಳಿದರೆ ಅದೂ ಹವ್ಯಾಸವೇ. ಬಹುಶಃ ಅತ್ಯಂತ ಕಷ್ಟದಿಂದ ಉಳಿಸಿಕೊಂಡ ಹವ್ಯಾಸ.

ಎರಡು ತಪ್ಪು ಹಾದಿಗಳು

ಹವ್ಯಾಸವನ್ನು ಸಂಪೂರ್ಣ ತ್ಯಜಿಸಿದ ತಂದೆತಾಯಿಗಳಲ್ಲಿ ಕೆಲವರು ಅದನ್ನು ಮಕ್ಕಳ ತಲೆಗೆ ಕಟ್ಟುವುದುಂಟು. ತಾನು ವೀಣೆ ಕಲಿಯಲಾಗಲಿಲ್ಲವಾದ್ದರಿಂದ ಮಗಳು ಕಲಿಯಲೇಬೇಕು. ತಾನು ಜಿಲ್ಲಾ ತಂಡಕ್ಕೆ ಆಯ್ಕೆಯಾಗಲಿಲ್ಲವಾದ್ದರಿಂದ ಮಗನು ಆಗಲೇಬೇಕು. ಇಲ್ಲಿ ಒಲವು ತಂದೆಯದು, ಶ್ರಮ ಮಗುವಿನದು. ಪ್ರಮಾಣಪತ್ರಗಳಿಗಾಗಿ ನಡೆಯುವ ಇಂತಹ ಅಭ್ಯಾಸವು ಇನ್ನೊಂದು ಪರೀಕ್ಷೆಯಾಗುತ್ತದೆಯೇ ಹೊರತು ಹವ್ಯಾಸವಾಗದು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ, ಭಾರತವು 1992ರಲ್ಲಿ ಸಮ್ಮತಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಆಟವೂ ವಿರಾಮವೂ ಮಗುವಿನ ಹಕ್ಕೆಂದು ಹೇಳುತ್ತದೆ. ಹಿರಿಯರ ಈಡೇರದ ಆಸೆಯನ್ನು ಪೂರೈಸುವುದು ಆ ಹಕ್ಕಿನ ಭಾಗವಲ್ಲ.

ಇನ್ನೊಂದು ಹಾದಿ ಈಚಿನದು. ತುಂಡಾದ ಹೊತ್ತನ್ನೆಲ್ಲ ಇಂದು ಮೊಬೈಲ್ ಫೋನು ನುಂಗುತ್ತಿದೆ. ದಣಿದು ಬಂದ ತಂದೆಯು ಒಂದು ಮೂಲೆಯಲ್ಲಿ, ತಾಯಿಯು ಮತ್ತೊಂದು ಮೂಲೆಯಲ್ಲಿ ಪರದೆಯನ್ನು ಸವರುತ್ತ ಕುಳಿತರೆ ಮಗುವಿಗೆ ಕಾಣುವುದು ಬಾಗಿದ ಎರಡು ತಲೆಗಳು ಮಾತ್ರ. ಫೋನನ್ನು ದೂಷಿಸಿ ಫಲವಿಲ್ಲ. ಕುಟ್ರುಹಕ್ಕಿಯ ಕೂಗನ್ನು ಗುರುತಿಸಲೂ, ಗಿಡದ ಹೆಸರನ್ನು ತಿಳಿಯಲೂ ಅದು ನೆರವಾಗಬಲ್ಲುದು. ಆದರೆ ಮಗುವು ಏನು ಮಾಡುತ್ತಿರುವೆ ಎಂದು ಕೇಳಿದಾಗ ತೋರಿಸಲು ಏನೂ ಇಲ್ಲದ ಕಾಲಯಾಪನೆಯನ್ನು ಹವ್ಯಾಸವೆನ್ನಲಾಗದು.

ನಾವು ಮಾಡಬಹುದಾದದ್ದು

ವಿವೇಚನೆಯು ಆಚರಣೆಗೆ ಇಳಿಯದಿದ್ದರೆ ವ್ಯರ್ಥ. ಆದ್ದರಿಂದ ಕೆಲವು ಸಲಹೆಗಳನ್ನು ಸವಿನಯವಾಗಿ ಮುಂದಿಡಬಹುದು. ಗೃಹಸ್ಥರು ತಮ್ಮ ಹಳೆಯ ಹವ್ಯಾಸಗಳಲ್ಲಿ ಎಲ್ಲವನ್ನೂ ಉಳಿಸಿಕೊಳ್ಳಲು ಹೆಣಗದೆ ಒಂದನ್ನು ಆರಿಸಿಕೊಳ್ಳಲಿ, ಉಳಿದುವನ್ನು ಕಸಿ ಮಾಡಿದ ರೆಕ್ಕೆಗಳಂತೆ ಬಿಟ್ಟುಕೊಡಲಿ. ಆ ಒಂದಕ್ಕೆ ವಾರದಲ್ಲಿ ನಿಶ್ಚಿತವಾದ ಒಂದು ಹೊತ್ತು ಇರಲಿ, ಎಷ್ಟು ಚಿಕ್ಕದಾದರೂ ಚಿಂತೆಯಿಲ್ಲ. ಗಂಡನಿಗೆ ದೊರೆತಷ್ಟೇ ಹೊತ್ತು ಹೆಂಡತಿಗೂ ದೊರೆಯಲಿ, ಆ ಹೊತ್ತಿನಲ್ಲಿ ಮಗುವಿನ ಹೊಣೆಯನ್ನು ಗಂಡನು ಹೊರಲಿ. ಸಾಧ್ಯವಾದಾಗಲೆಲ್ಲ ಮಗು ಹತ್ತಿರವಿರಲಿ, ಆದರೆ ಅದಕ್ಕೆ ಪಾಠ ಹೇಳುವ ಆತುರ ಬೇಡ. ತಂದೆಯು ಮರದ ಚೂರೊಂದನ್ನು ಕೆತ್ತುತ್ತಿರುವುದನ್ನು, ತಾಯಿಯು ತನ್ನ ಸಂತೋಷಕ್ಕಾಗಿ ಓದುತ್ತಿರುವುದನ್ನು ಕಂಡ ಮಗುವು ದುಡಿಮೆಯಾಚೆಗೂ ಬದುಕಿದೆಯೆಂಬುದನ್ನು ತಾನಾಗಿಯೇ ಅರಿಯುತ್ತದೆ.

ವಿದ್ಯಾಸಂಸ್ಥೆಗಳ ಪಾತ್ರವೂ ಕಿರಿದಲ್ಲ. ಮಠಗಳು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿವೆ. ವಾರ್ಷಿಕೋತ್ಸವದಂದು ಮಕ್ಕಳ ವಸ್ತುಪ್ರದರ್ಶನದ ಪಕ್ಕದಲ್ಲಿ ಹೆತ್ತವರ ಹಾಗೂ ಅಧ್ಯಾಪಕರ ಹವ್ಯಾಸಗಳಿಗೂ ಒಂದು ಕೊಠಡಿ ಮೀಸಲಾದರೆ, ತಾಯಿಯು ಹೆಣೆದ ಬುಟ್ಟಿಯನ್ನೋ ಬರೆದ ಕವಿತೆಯನ್ನೋ ಕಂಡ ಮಗುವಿನ ಕಣ್ಣಲ್ಲಿ ಆಕೆಯ ಸ್ಥಾನವೇ ಬದಲಾದೀತು. ಶಾಲೆಯ ಗ್ರಂಥಾಲಯವು ವಾರಕ್ಕೊಂದು ಸಂಜೆ ತಾಯಂದಿರಿಗಾಗಿ ತೆರೆದಿದ್ದು, ಆ ಹೊತ್ತಿನಲ್ಲಿ ಎಳೆಯ ಮಕ್ಕಳನ್ನು ಹಿರಿಯ ವಿದ್ಯಾರ್ಥಿಗಳು ಆಡಿಸಬಹುದು. ದಾನಿಗಳು ಕಟ್ಟಡಗಳಿಗೆ ನೀಡುವ ನೆರವಿನ ಒಂದಂಶವು ಇಂತಹ ಕಾರ್ಯಗಳಿಗೂ ಹರಿದುಬರಲಿ. ಇವುಗಳ ವೆಚ್ಚ ಅಲ್ಪ, ಫಲ ದೀರ್ಘ. ವಿದ್ಯಾರ್ಥಿನಿಲಯದ ಮಕ್ಕಳು ರಜೆಯಲ್ಲಿ ಊರಿಗೆ ಹೋದಾಗ, ತಂದೆತಾಯಿಗಳು ತಮ್ಮ ಎಳವೆಯಲ್ಲಿ ಏನನ್ನು ಪ್ರೀತಿಸಿ ಮಾಡುತ್ತಿದ್ದರೆಂದು ಕೇಳಿ ಬರೆದು ತರುವಂತೆ ಅಧ್ಯಾಪಕರು ಹೇಳಬಹುದು. ಆ ಪ್ರಶ್ನೆಯನ್ನು ಮಗುವೇ ಕೇಳಿದಾಗ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಹಾರ್ಮೋನಿಯಂ ಕೆಳಗಿಳಿದೀತು.

ಮಕ್ಕಳು ಬೆಳೆದು ದೂರದ ಊರುಗಳಿಗೆ ಹೊರಟುಹೋಗುವ ಕಾಲವಿದು. ಬೆಟ್ಟದ ತೋಟದ ಮನೆಗಳಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿಯುವುದು ಸಾಮಾನ್ಯವಾಗುತ್ತಿದೆ. ನಡುವಯಸ್ಸಿನಲ್ಲಿ ಎಳೆಯಾಗಿಯಾದರೂ ಉಳಿಸಿಕೊಂಡ ಹವ್ಯಾಸವೇ ಆ ದಿನಗಳಲ್ಲಿ ಅವರಿಗೆ ಜೊತೆ. ದೂರದಲ್ಲಿರುವ ಮಗನೋ ಮಗಳೋ ತಮ್ಮ ಕೂಸಿಗೆ ಕಥೆಯೊಂದನ್ನು ಹೇಳುವಾಗ, ಹಕ್ಕಿಯೊಂದನ್ನು ತೋರಿಸುವಾಗ ಮುಂದುವರಿಯುವುದೂ ಅದೇ. ಮಕ್ಕಳಿಗಾಗಿ ನಾವು ಆಸ್ತಿಯನ್ನು ಕೂಡಿಡುತ್ತೇವೆ, ವಿದ್ಯೆಯನ್ನು ಕೊಡಿಸುತ್ತೇವೆ. ಅವರೊಡನೆ ಹಂಚಿಕೊಂಡ ಒಂದು ಒಲವನ್ನೂ ಆ ಪಟ್ಟಿಗೆ ಸೇರಿಸುವ ಮನಸ್ಸು ನಮ್ಮೆಲ್ಲರಿಗೂ ಒದಗಲಿ, ಮನೆಯ ತಾಯಂದಿರಿಗೆ ಅದರಲ್ಲಿ ಸಮಪಾಲು ದೊರೆಯಲಿ ಎಂದು ಹಾರೈಸೋಣ.